ಒಂಬತ್ತು ಪೌಂಡಿನ ಗುಂಡು

ಇಬ್ಬರು ಮಾತಾಡುತ್ತಿರುವಾಗ ನಡುವೆ ಒಂದಿಷ್ಟು ಸಂದು ಕಂಡರೆ ಅಲ್ಲಿ ತನ್ನ ಮಾತನ್ನು ತುರುಕದೆ ಇರಲಾಗದ ಕಾಯಿಲೆಯೊಂದು ಗುಂಡಿನ ಮನೆ ರಂಗಪ್ಪನಿಗಿತ್ತು. ಉಳಿದಂತೆ ಅವನ ಆರೋಗ್ಯ ಚೆನ್ನಾಗಿತ್ತು. ಎಪ್ಪತ್ತೆಂಟನೇ ಇಸವಿಯ ಮಾರ್ನವಮಿಗೆ ಮೂರು ವಾರ ಮೊದಲು, ತಿಪಟೂರಿನಲ್ಲಿ ಅಕ್ಬರ್ ಪಾಷಾನ ಟೈಲರಂಗಡಿಯ ಮುಂದೆ ಕೈ ಎತ್ತಿಕೊಂಡು ಅಂಗಿಗೆ ಅಳತೆ ಕೊಡುತ್ತಿದ್ದಾಗ ಆ ಕಾಯಿಲೆ ಉಲ್ಬಣಿಸಿತು.

ಅಂಗಡಿಯ ಬೆಂಚಿನ ಮೇಲೆ ತೋಂಟದಾರ್ಯ ಎಂಬ ಹುಡುಗುಮುಖದ ಇತಿಹಾಸದ ಲೆಕ್ಚರರು ಕೂತಿದ್ದರು. ತೊಡೆಯ ಮೇಲೆ ಇಟ್ಟಿಗೆಯಂಥ ಎರಡು ಹೊಸ ಪುಸ್ತಕಗಳಿದ್ದವು. ಅವರು ಪ್ಯಾಂಟು ಹೊಲಿಸಲು ಬಂದವರು. ಆದರೆ ಪಾಷಾನಿಗೆ ಶ್ರೀರಂಗಪಟ್ಟಣದ ಕೊನೆಯ ಯುದ್ಧವನ್ನು ವಿವರಿಸುತ್ತಿದ್ದರು.

"ಇಷ್ಟು ದಿನ ಆ ಯುದ್ಧದ ಬಗ್ಗೆ ನಮ್ಮ ಜನರ ಹತ್ತಿರ ಇದ್ದದ್ದೆಲ್ಲ ಅಂತೆ ಕಂತೆ ಪಾಷಾ ಅವರೇ. ಈ ಹೊಸ ಪುಸ್ತಕದಲ್ಲಿ ಹಳೇ ಕಾಗದ ಪತ್ರ ಹುಡುಕಿ ತೆಗೆದು ಬರೆದಿದ್ದಾರೆ. ಯಾವ ದಿನ, ಯಾವ ದಿಕ್ಕಿಂದ ಫಿರಂಗಿ ಹೊಡೆದರು, ಒಂದೊಂದು ಗುಂಡು ಎಷ್ಟು ತೂಕ, ಎಲ್ಲದಕ್ಕೂ ಪಟ್ಟಿ ಇದೆ."

"ಸಿಪಾಯಿಗಳ ಅಂಗಿ ಅಳತೆ ಐತಾ ಸಾಬ್?" ಎಂದ ಪಾಷಾ, ರಂಗಪ್ಪನ ಕಂಕುಳಿಗೆ ಟೇಪು ಹಿಡಿದು.

ಲೆಕ್ಚರರು ನಗಲು ಒಂದು ಗಳಿಗೆ ತೆಗೆದುಕೊಂಡರು. ಅದೇ ಸಂದು. ರಂಗಪ್ಪ ತುರುಕಿದ.

"ಆ ಗುಂಡುಗಳಲ್ಲಿ ಒಂದು ನಮ್ಮನೇಲೈತೆ ಬುಡಿ ಸಾ."

ತೋಂಟದಾರ್ಯರ ಕನ್ನಡಕ ಮೂಗಿನ ತುದಿಗೆ ಜಾರಿತು. ಎಲ್ಲಿ, ಹೇಗೆ, ಎಷ್ಟು ವರ್ಷದಿಂದ ಎಂದು ಕೇಳಿದರು. ರಂಗಪ್ಪ ಎತ್ತಿದ ಕೈ ಇಳಿಸದೆಯೇ ಎಲ್ಲವನ್ನೂ ಹೇಳಿದ. ತನ್ನ ಮುತ್ತಾತನ ಅಜ್ಜ ಆ ಯುದ್ಧದಲ್ಲಿದ್ದದ್ದು, ಕೋಟೆ ಗೋಡೆಯ ಹತ್ತಿರ ಫಿರಂಗಿಯ ಗುಂಡೊಂದು ಅವನ ಕಾಲ ಬುಡಕ್ಕೇ ಬಂದು ಬಿದ್ದದ್ದು, ಆತ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮೂರು ಹಗಲು ನಡೆದು ಹಂದನಕೆರೆ ದಾಟಿ ಊರು ಸೇರಿದ್ದು. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಮನೆಯ ಹಿರೀಮಗ ಅದನ್ನು ಊರ ಮುಂದೆ ಎತ್ತಬೇಕು. ಬೇರೆ ಯಾರೂ ಎತ್ತಕೂಡದು. ಊರಿನಲ್ಲಿ ವ್ಯಾಜ್ಯ ಬಂದರೆ ಕೋರ್ಟಿಗೆ ಹೋಗುವುದಿಲ್ಲ, ಆ ಗುಂಡನ್ನು ಮುಟ್ಟಿ ಪ್ರಮಾಣ ಮಾಡುತ್ತಾರೆ.

"ಅದನ್ನ ತೂಗಿದ್ರೆ ಯಾವ ಫಿರಂಗಿದು ಅಂತ ಈ ಪಟ್ಟಿ ನೋಡಿ ಹೇಳಿಬಿಡಬಹುದು ರೀ. ಆಯುಧಪೂಜೆಗೆ ನಮಗೂ ರಜ. ನಾನು ಬರ್ತೀನಿ," ಎಂದರು ಲೆಕ್ಚರರು.

"ತಕ್ಕಡಿ ನಾನು ತತ್ತೀನಿ. ನಮ್ಮೋರೂ ಆ ಕಡೆಯಿಂದಾನೇ ಬಂದೋರು ಸಾಬ್, ನಾನೂ ನೋಡ್ಬೇಕು," ಎಂದ ಪಾಷಾ.

ರಂಗಪ್ಪನ ಕೈ ತಾನಾಗಿ ಇಳಿಯಿತು. ಪಾಷಾ ಎದೆಯ ಅಳತೆ ಮತ್ತೆ ತೆಗೆದ. ಮೊದಲಿಗಿಂತ ಎರಡು ಇಂಚು ಕಡಿಮೆ ಬಂತು.

ಯಾಕೆಂದರೆ ಆ ಗುಂಡು ತೆಂಗಿನಕಾಯಿ.

ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುವುದು. ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಕ್ ಲೊಡಕ್ ಎನ್ನಬೇಕು. ಅನ್ನದಿದ್ದರೆ ಇನ್ನೂ ಒಣಗಿಲ್ಲ ಎಂದು ಮತ್ತೆ ಅಟ್ಟಕ್ಕೆ ಹಾಕುತ್ತಾರೆ. ಗುಂಡಿನ ಮನೆಯ ದೇವರ ಗೂಡಿನಲ್ಲಿ ಹರಳೆಣ್ಣೆ, ಮಸಿ, ಅರಿಸಿನ, ಕುಂಕುಮಗಳ ಬೆರಳುದಪ್ಪದ ಪದರದೊಳಗೆ ಕೂತಿದ್ದದ್ದು ಅಂಥ ಒಂದು ಗಿಟುಕು. ಹಳೆಯದನ್ನು ಇಲಿ ತಿಂದದ್ದರಿಂದ ಐವತ್ತೆಂಟರಲ್ಲಿ ರಂಗಪ್ಪನ ಅಪ್ಪ ಅಟ್ಟದಿಂದ ಇಳಿಸಿ ಬಣ್ಣ ಕಟ್ಟಿಸಿದ್ದು. ಅದಕ್ಕೂ ಹಿಂದಿನವು ಎಷ್ಟೋ.

ಅಪ್ಪ ಸಾಯುವ ಮುಂಚೆ ಹಿರೀಮಗನನ್ನು ಹತ್ತಿರ ಕರೆದು ಮನೆತನದ ಇತಿಹಾಸವನ್ನು ನಾಲ್ಕೇ ಮಾತಿನಲ್ಲಿ ಒಪ್ಪಿಸಿದ್ದ. "ನಮ್ಮ ಹಿರೀಕ ಯುದ್ಧಕ್ಕೆ ಹೋಗಿದ್ದು ನಿಜ ಕಣ್ಲಾ. ಎರಡು ಎತ್ತಿನ ಮೇಲೆ ಕಾಯಿ ಹೇರ್ಕಂಡು, ಯಾವ ದಂಡು ಹಸ್ಕಂಡಿದ್ರೆ ಆ ದಂಡಿಗೆ ಮಾರಾಣ ಅಂತ. ಮೊದಲ್ನೇ ಫಿರಂಗಿ ಸದ್ದಿಗೆ ಎತ್ತು ಒಂದ್ಕಡೆ ಓಡಿದ್ವು, ಇವನು ಒಂದ್ಕಡೆ ಓಡಿದ. ಮನೆ ಮುಟ್ಟಿದಾಗ ಮಡ್ಲಲ್ಲಿ ಒಂದೇ ಕಾಯಿತ್ತು. ಎತ್ತೆಲ್ಲಿ ಅಂತ ಹೆಂಡ್ತಿ ಕೇಳಿದ್ಲು. ಏನಾರ ಹೇಳ್ಬೇಕಿತ್ತಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮುಖ್ಯವಾದದ್ದನ್ನು ಹೇಳಿದ. "ಎತ್ತುವಾಗ ತಿಣುಕಬೇಕು. ಇಳಿಸುವಾಗ ಇನ್ನೂ ಜೋರಾಗಿ ತಿಣುಕಬೇಕು. ಲೊಡಕ್ ಅಂದ್ರೆ ಕೆಮ್ಮು."

ಹದಿನಾರು ವರ್ಷದಿಂದ ರಂಗಪ್ಪ ತಿಣುಕುತ್ತ, ಕೆಮ್ಮುತ್ತ ಬಂದಿದ್ದ. ಅವನು ಎತ್ತಿದಾಗಲೆಲ್ಲ ಊರಿನವರು ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ ನಿಲ್ಲುತ್ತಿದ್ದರು. ಅದು ಭಕ್ತಿ ಎಂದು ಅವನು ತಿಳಿದಿದ್ದ.

ಕಾಯಿಯೆಂದು ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂಬುದು ಅವನ ಸಣ್ಣ ಭಯ. ಮರ್ಯಾದೆ ಹೋದವರು ಎಷ್ಟೋ ಜನ ಊರಲ್ಲಿ ಚೆನ್ನಾಗಿಯೇ ಇದ್ದರು. ದೊಡ್ಡ ಭಯದ ಹೆಸರು ಹುಚ್ಚರಂಗಯ್ಯ. ಹನ್ನೆರಡು ವರ್ಷದ ಹಿಂದೆ ಬದುವಿನ ಮೇಲಿನ ನಾಲ್ಕು ತೆಂಗಿನ ಮರ ಯಾರದ್ದು ಎಂದು ಹುಚ್ಚರಂಗಯ್ಯನಿಗೂ ಪಕ್ಕದ ತೋಟದ ಅಂಕಮ್ಮನಿಗೂ ಜಗಳವಾಗಿತ್ತು. ಅಂಕಮ್ಮ ಗುಂಡು ಮುಟ್ಟಿ "ನಂದು" ಎಂದಳು. ಹುಚ್ಚರಂಗಯ್ಯ ಒಂದು ಮಾತೂ ಆಡದೆ ಮರ ಬಿಟ್ಟುಕೊಟ್ಟ. ತೋಟಕ್ಕೆ ನುಗ್ಗುವ ಹಂದಿಯನ್ನು ಒಂದೇ ಏಟಿಗೆ ಎರಡು ಮಾಡಿದ ಆಸಾಮಿ. ನಾಲ್ಕು ಫಲದ ಮರವನ್ನು ತಾನು ಒಂದು ಗಿಟುಕಿಗೆ ಸೋತೆ ಎಂದು ಅವನಿಗೆ ಗೊತ್ತಾದ ದಿನ ಎರಡಾಗುವುದು ಯಾರು ಎಂಬುದಕ್ಕೆ ರಂಗಪ್ಪನಿಗೆ ಹೊಸ ಪುಸ್ತಕ ಬೇಕಿರಲಿಲ್ಲ.

ಊರಿಗೆ ಸುದ್ದಿ ರಂಗಪ್ಪನಿಗಿಂತ ಮೊದಲೇ ತಲುಪಿತ್ತು. ಬಸ್ಸಿಳಿದಾಗ ಹುಚ್ಚರಂಗಯ್ಯ ಅರಳಿಕಟ್ಟೆಯ ಮೇಲೆ ಕೂತು ಮಚ್ಚನ್ನು ಕಲ್ಲಿಗೆ ಮಸೆಯುತ್ತಿದ್ದ.

"ಏನ್ಲಾ ರಂಗ, ಕಾಲೇಜ್ ಮೇಷ್ಟ್ರು ಬಂದು ಗುಂಡು ತೂಗ್ತಾರಂತೆ."

"ಅವರಿಗೇನೋ ಚಟ ಕಣಣ್ಣಾ. ಬರಾಕಿಲ್ಲ ಬುಡು."

"ಬರ್ಲಿ ಬುಡ್ಲಾ. ತೂಗ್ಲಿ." ಹುಚ್ಚರಂಗಯ್ಯ ಮಚ್ಚಿನ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. "ನಾನು ಮುಂದ್ಗಡೇನೇ ಕೂತ್ಕತೀನಿ."

ಮನೆ ಜಗಲಿಯಲ್ಲಿ ಅಂಕಮ್ಮ ಕಾಯುತ್ತಿದ್ದಳು. ಎಪ್ಪತ್ತರ ಮುದುಕಿ, ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು. "ರಂಗ, ಅದಕ್ಕೇನೂ ಆಗಾಕಿಲ್ಲ ತಾನೇ?"

"ಯಾವುದಕ್ಕೆ ಅಂಕಮ್ಮಾರೇ?"

"ಅದಕ್ಕೆ ಕಣಪ್ಪ," ಎಂದು ದೇವರ ಗೂಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಾನು ಮುಟ್ಟಿ ಹೇಳಿದೀನಿ. ಅದಕ್ಕೇನಾರ ಆದ್ರೆ ನಿನ್ನ ಸುಮ್ನೆ ಬುಡಾಕಿಲ್ಲ."

ರಂಗಪ್ಪನಿಗೆ ಆವತ್ತಿನಿಂದ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ದಾರಿಯಲ್ಲಿ ಯಾರು ನಕ್ಕರೂ ಗೊತ್ತಾಗಿದೆ ಎಂದುಕೊಂಡ. ನಗದಿದ್ದರೆ ಚೆನ್ನಾಗಿಯೇ ಗೊತ್ತಾಗಿದೆ ಎಂದುಕೊಂಡ. ಲೆಕ್ಚರರಿಗೆ ಜ್ವರ ಬರಲಿ ಎಂದು ಮೂರು ದೇವರಿಗೆ ಹರಕೆ ಹೊತ್ತ. ಜ್ವರ ತನಗೇ ಬಂತು. ಹೆಂಡತಿ ಮೀನಾಕ್ಷಮ್ಮ ಹಣೆ ಮುಟ್ಟಿ ನೋಡಿ, "ಅವರು ತೂಗಾಕೆ ಬರೋದು ಗುಂಡನ್ನ, ನಿಮ್ಮನ್ನಲ್ಲವಲ್ಲ, ಯಾಕಿಂಗೆ ನಡುಗ್ತೀರಿ," ಎಂದಳು. ಮೀನಾಕ್ಷಮ್ಮನಿಗೆ ಗುಂಡಿನ ಗುಟ್ಟು ತಿಳಿಯದು ಎಂಬುದು ರಂಗಪ್ಪನ ನಂಬಿಕೆಗಳಲ್ಲಿ ಇನ್ನೊಂದು.

ಜ್ವರ ಬಿಟ್ಟ ದಿನ ಬುದ್ಧಿಯೂ ಬಂತು. ಅಮ್ಮಸಂದ್ರದ ರಸ್ತೆಯಲ್ಲಿ ನೂರ್ ಅಹಮದ್ ಎಂಬಾತನ ಗುಜರಿ ಅಂಗಡಿಯಿತ್ತು. ಸಿಮೆಂಟು ಮಾಡುವ ಕಡೆ ಕಲ್ಲನ್ನು ನುರಿಸಲು ದೊಡ್ಡ ಪೀಪಾಯಿಯೊಳಗೆ ಕಬ್ಬಿಣದ ಗುಂಡು ಹಾಕಿ ಉರುಳಿಸುತ್ತಾರೆ, ಹಳೆಯದಾದ ಮೇಲೆ ಅವು ಗುಜರಿಗೆ ಬರುತ್ತವೆ ಎಂದು ಯಾರೋ ಹೇಳಿದ್ದು ನೆನಪಾಗಿ ರಂಗಪ್ಪ ಅಲ್ಲಿಗೆ ಹೋದ. ಗುಂಡುಗಳು ರಾಶಿ ಬಿದ್ದಿದ್ದವು. ಒಂದೊಂದನ್ನೇ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿ ನೋಡತೊಡಗಿದ.

"ಏನ್ ಕೇಳಿಸ್ತದೆ ಯಜಮಾನ್ರೇ?" ಎಂದ ನೂರ್ ಅಹಮದ್.

"ಏನೂ ಇಲ್ಲ."

"ಕಬ್ಬಿಣ ಅದು. ಏನೂ ಕೇಳಿಸಲ್ಲ."

"ಅದೇ ಬೇಕು," ಎಂದು ರಂಗಪ್ಪ ಒಂದನ್ನು ಚೀಲಕ್ಕೆ ಹಾಕಿಕೊಂಡ.

ಮಾರನೇ ಮಧ್ಯಾಹ್ನ ಮೀನಾಕ್ಷಮ್ಮ ಹೊಲದ ಕಡೆ ಹೋದಾಗ ಬಾಗಿಲು ಹಾಕಿಕೊಂಡು ಕಬ್ಬಿಣಕ್ಕೆ ಹರಳೆಣ್ಣೆ, ಮಸಿ, ಅರಿಸಿನ, ಕುಂಕುಮ ಬಳಿದು ಗೂಡಿನಲ್ಲಿ ಕೂರಿಸಿದ. ಉಳಿದದ್ದು ಗಿಟುಕು. ಅದನ್ನು ಹೂಳಲು ಧೈರ್ಯ ಬರಲಿಲ್ಲ, ಸುಡಲು ಮನಸ್ಸು ಬರಲಿಲ್ಲ. ದನದ ಬಾನಿಯ ಹತ್ತಿರ ಕೂತು ಬೂದಿ, ಸೀಗೆಪುಡಿ ಹಾಕಿ ಉಜ್ಜಿದ. ಇಪ್ಪತ್ತು ವರ್ಷದ ಕೊಳೆ ಬಿಟ್ಟು ಸಾಧಾರಣ ಕಾಯಿಯಾಗಿ ಬಂತು. ಅಷ್ಟರಲ್ಲಿ ಮೀನಾಕ್ಷಮ್ಮ ಬಂದೇಬಿಟ್ಟಳು.

"ಏನ್ರೀ, ಕಾಯಿಗೆ ತಲೆಸ್ನಾನ ಮಾಡಿಸ್ತಿದೀರಾ?"

"ಹಬ್ಬ ಬಂತಲ್ಲ. ತೊಳೀತಿದೀನಿ."

"ಒಂದನ್ನೇ?"

ರಂಗಪ್ಪ ಎದ್ದು ಪಡಸಾಲೆಗೆ ಹೋದ. ಸುಲಿದು, ಚಿಪ್ಪು ಒಡೆಯಲು ರಾಶಿ ಹಾಕಿದ್ದ ನಾನೂರು ಗಿಟುಕುಗಳಿಂದ ನಲವತ್ತನ್ನು ತಂದು ಹೊತ್ತು ಮುಳುಗುವವರೆಗೆ ತೊಳೆದ. ಎಲ್ಲವನ್ನೂ ಒಟ್ಟಿಗೆ ರಾಶಿಗೆ ಸುರಿದ; ಒಣಗಿದ ಮೇಲೆ ತೊಳೆದದ್ದು ಯಾವುದು, ತೊಳೆಯದ್ದು ಯಾವುದು ಎಂದು ಅವನಿಗೇ ಗುರುತು ಸಿಗಲಿಲ್ಲ. ಮೂರು ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ.

ಆಯುಧಪೂಜೆಯ ಬೆಳಗ್ಗೆ ಹಂದನಕೆರೆ ಬಸ್ಸಿನಿಂದ ತೋಂಟದಾರ್ಯರೂ ಪಾಷಾನೂ ಇಳಿದರು. ಒಬ್ಬರ ಕಂಕುಳಲ್ಲಿ ಪುಸ್ತಕಗಳು, ಇನ್ನೊಬ್ಬನ ಹೆಗಲಲ್ಲಿ ತಕ್ಕಡಿ. ಗುಂಡಿನ ಮನೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಆ ದಿನ ಎಲ್ಲರೂ ಮಚ್ಚು, ಕುಡುಗೋಲು, ಕೊಡಲಿಗಳನ್ನು ತೊಳೆದು ಕುಂಕುಮ ಇಟ್ಟು ತಂದು ಗುಂಡಿನ ಮುಂದೆ ಜೋಡಿಸುವುದು ಪದ್ಧತಿ. ಪ್ರತಿ ವರ್ಷ ಅದನ್ನು ನೋಡಿ ರಂಗಪ್ಪನಿಗೆ ಹೆಮ್ಮೆಯಾಗುತ್ತಿತ್ತು. ಈ ವರ್ಷ ಅವನು ಎಣಿಸಿದ. ಅರವತ್ತೆರಡು ಇದ್ದವು. ಎಲ್ಲ ಹೊಸದಾಗಿ ಮಸೆದವು.

ಹುಚ್ಚರಂಗಯ್ಯ ಹೇಳಿದಂತೆ ಮುಂದುಗಡೆಯೇ ಕೂತಿದ್ದ. ಅವನ ಪಕ್ಕದಲ್ಲಿ ಅಂಕಮ್ಮ. ಹನ್ನೆರಡು ವರ್ಷದಿಂದ ಒಬ್ಬರ ನೆರಳು ಒಬ್ಬರು ತುಳಿಯದವರು ಇವತ್ತು ಪಕ್ಕಪಕ್ಕದಲ್ಲಿ ಕೂತದ್ದು ರಂಗಪ್ಪನಿಗೆ ಒಳ್ಳೆಯ ಶಕುನವೆನಿಸಲಿಲ್ಲ.

ಮಂಗಳಾರತಿ ಆಯಿತು. ರಂಗಪ್ಪ ಬಗ್ಗಿ ಗುಂಡಿಗೆ ಕೈ ಹಾಕಿದ. ಹದಿನಾರು ವರ್ಷದಿಂದ ಹಗುರವನ್ನು ಭಾರವೆಂದು ಎತ್ತಿ ಪಳಗಿದ ಕೈ. ನಿಜವಾದ ಭಾರ ಸಿಕ್ಕಾಗ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಮೊದಲ ಎಳೆತಕ್ಕೆ ಗುಂಡು ಮೇಲೆ ಬರುವ ಬದಲು ಅವನೇ ಕೆಳಗೆ ಹೋದ. ಎರಡನೇ ಸಲ ತಿಣುಕುವುದನ್ನೂ ಮರೆತು ಹಲ್ಲು ಕಚ್ಚಿ ಎತ್ತಿದ. ಊರೆಲ್ಲ ಎಂದಿನಂತೆ ತಲೆ ಓರೆ ಮಾಡಿತು.

ರಂಗಪ್ಪ ಅಭ್ಯಾಸದಂತೆ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅಂಗಳದಲ್ಲಿ ಏನೂ ಸದ್ದಿರಲಿಲ್ಲ. ಓರೆಯಾದ ತಲೆಗಳು ನೆಟ್ಟಗಾಗಲಿಲ್ಲ. ಇನ್ನಷ್ಟು ಓರೆಯಾದವು.

ಪಾಷಾ ತಕ್ಕಡಿ ಹಿಡಿದ. ಲೆಕ್ಚರರು ತೂಕದ ಕಲ್ಲು ಹಾಕಿ, ತೆಗೆದು, ಪುಸ್ತಕ ಬಿಚ್ಚಿ, ಕಾಗದದ ಮೇಲೆ ಗುಣಿಸಿ, ಮತ್ತೆ ಪುಸ್ತಕ ನೋಡಿದರು.

"ನಾಲ್ಕು ಕೆಜಿ, ಮೇಲೆ ಒಂದಿಷ್ಟು. ಒಂಬತ್ತು ಪೌಂಡು. ಸರಿಯಾಗಿ ಒಂಬತ್ತು ಪೌಂಡಿನ ಗುಂಡು. ರಂಗಪ್ಪನವರೇ, ನಿಮ್ಮ ಮನೆತನದ ಕಥೆ ಅಂತೆ ಕಂತೆ ಅಲ್ಲ. ಇವತ್ತಿಂದ ಇದು ಇತಿಹಾಸ."

ಅವರೊಬ್ಬರೇ ಚಪ್ಪಾಳೆ ತಟ್ಟಿದರು. ಹುಚ್ಚರಂಗಯ್ಯ ಎದ್ದ. ಸಾಲಿನಲ್ಲಿಟ್ಟಿದ್ದ ಅರವತ್ತೆರಡರಲ್ಲಿ ತನ್ನದನ್ನು ಹುಡುಕಿ ತೆಗೆದುಕೊಂಡು ರಂಗಪ್ಪನ ಹತ್ತಿರ ಬಂದ. ಅವನ ಬಾಯಿಯ ಎಲೆಯಡಿಕೆ ವಾಸನೆ ರಂಗಪ್ಪನ ಮೂಗಿಗೆ ಬಡಿಯಿತು.

"ಎಲ್ಲಿ ಅದು?"

"ಅದೇ ಅಲ್ವಾ ಅಣ್ಣಾ, ತಕ್ಕಡೀಲಿ..."

"ಇದಲ್ಲ. ನಮ್ಮದೆಲ್ಲಿ?"

"ಅಣ್ಣಾ, ನಾಲ್ಕು ಮರ ನಾನೇ ಕೊಡ್ತೀನಿ. ಆರು ಬೇಕಾದ್ರೂ..."

"ಮರ ಕೇಳಿದ್ನೇನ್ಲಾ ನಿನ್ನ? ಇದು ಮಾತಾಡ್ತಿಲ್ಲ. ನಮ್ಮದು ಲೊಡಕ್ ಅಂತಿತ್ತು. ಗಿಟುಕೆಲ್ಲಿ ಮಡಗಿದೀಯಾ ಹೇಳು."

ರಂಗಪ್ಪ ತಿರುಗಿ ಊರನ್ನು ನೋಡಿದ. ಒಂದು ಮುಖದಲ್ಲೂ ಆಶ್ಚರ್ಯವಿರಲಿಲ್ಲ; ಎಲ್ಲದರಲ್ಲೂ ಸಿಟ್ಟಿತ್ತು. ಮೀನಾಕ್ಷಮ್ಮ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡಳು.

"ನಿಮಗೆಲ್ಲಾ..." ಎಂದ ರಂಗಪ್ಪ.

"ಕೊಬ್ಬರಿ ಸೀಮೇಲಿ ಹುಟ್ಟಿ ಗಿಟುಕಿನ ಸದ್ದು ತಿಳೀದೇ ಇರ್ತದೇನ್ಲಾ?" ಎಂದಳು ಅಂಕಮ್ಮ. "ನಿಮ್ಮಪ್ಪ ಕೆಮ್ಮೋನು, ನೀನೂ ಕೆಮ್ತೀಯ. ಪಾಪ, ಎದೆ ನೋವೇನೋ ಅನ್ಕಂಡು ಸುಮ್ನಿದ್ವಿ."

"ಅಣ್ಣಾ, ಕಾಯಿ ಅಂತ ಗೊತ್ತಿದ್ದೂ ಮರ ಬುಟ್ಟುಕೊಟ್ಯಾ?"

"ಕಾಯಿ ಅಂತ ಗೊತ್ತಿದ್ದಕ್ಕೇ ಬುಟ್ಟಿದ್ದು ಕಣ್ಲಾ." ಹುಚ್ಚರಂಗಯ್ಯನ ದನಿ ಒಡೆಯಿತು. "ಕಬ್ಬಿಣ ಮುಟ್ಟಿ ಯಾವನು ಬೇಕಾದ್ರೂ ಸುಳ್ಳು ಹೇಳ್ತಾನೆ. ಪೋಲೀಸಿನೋರು ದಿನಾ ಮುಟ್ಟಾಕಿಲ್ವಾ? ಅನ್ನ ಕೊಡೋ ಕಾಯಿ ಮುಟ್ಟಿ ಸುಳ್ಳು ಹೇಳೋರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಅದಕ್ಕೇ ಈ ಮುದುಕಿ ಮಾತಿಗೆ ಒಪ್ಕಂಡೆ. ಈಗ ಆ ಕಾಯಿಲ್ಲ ಅಂದ್ರೆ ನಾನು ಯಾತಕ್ಕೆ ಸೋತೆ ಹೇಳು."

"ನಾನು ಯಾತಕ್ಕೆ ಗೆದ್ದೆ, ಅದನ್ನೂ ಹೇಳು," ಎಂದಳು ಅಂಕಮ್ಮ.

ರಂಗಪ್ಪ ಪಡಸಾಲೆಯ ರಾಶಿಯನ್ನು ತೋರಿಸಿದ. ಬರೀ ರಾಶಿಯನ್ನಲ್ಲ, ತೊಳೆದದ್ದನ್ನೂ ಹೇಳಿದ. ನಲವತ್ತನ್ನೂ ಹೇಳಿದ. ಆಮೇಲೆ ಮಚ್ಚು ಹಿಡಿದವರೂ ಹಿಡಿಯದವರೂ ಒಟ್ಟಿಗೆ ಒಳಗೆ ನುಗ್ಗಿದರು.

ಅಂಗಳದ ಆ ತುದಿಯಲ್ಲಿ ತೋಂಟದಾರ್ಯರು, ಈ ಯಾವ ಮಾತೂ ಕಿವಿಗೆ ಬೀಳದಂತೆ ಪುಸ್ತಕದಲ್ಲಿ ಮುಳುಗಿ, ಅಂಚಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. "ಏನಾಯ್ತು ಪಾಷಾ ಅವರೇ, ಎಲ್ಲಾ ಒಳಗೆ ಹೋದ್ರು?"

"ಪೂಜೆ ಸಾಬ್. ಅವರದೇ ಒಂದು ಪದ್ಧತಿ," ಎಂದ ಪಾಷಾ, ಬಾಗಿಲಿಗೆ ಅಡ್ಡ ನಿಂತು.

ಒಳಗೆ ಊರಿನ ಹಿರಿಯರೆಲ್ಲ ರಾಶಿಯ ಸುತ್ತ ಕುಕ್ಕುರುಗಾಲಲ್ಲಿ ಕೂತಿದ್ದರು. ಒಂದೊಂದೇ ಕಾಯಿ ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಹೋಗುತ್ತಿತ್ತು. ಲೊಡಕ್. ಅಲ್ಲ. ಲೊಡಕ್. ಇದೂ ಅಲ್ಲ. ಕೊನೆಯ ತೀರ್ಮಾನ ಹುಚ್ಚರಂಗಯ್ಯನದು. ಹನ್ನೆರಡು ವರ್ಷದ ಹಿಂದೆ ಆ ಸದ್ದಿಗೆ ಮರ ಕೊಟ್ಟವನು ಅವನು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ತಲೆ ಅಡ್ಡಡ್ಡ ಆಡಿಸುತ್ತಿದ್ದ. ಯಾರೋ ಸೀನಿದರೆ ಉಳಿದವರು ಗದರುತ್ತಿದ್ದರು. ರಂಗಪ್ಪ ಮೂಲೆಯಲ್ಲಿ ಗೋಡೆಗೆ ಒರಗಿ ಕೂತು, ಮಚ್ಚು ಹುಚ್ಚರಂಗಯ್ಯನ ತೊಡೆಯ ಮೇಲೆಯೇ ಇರುವುದನ್ನು ನೋಡುತ್ತಿದ್ದ. ನೂರಾಯಿತು. ಇನ್ನೂರಾಯಿತು. ನಾನೂರಕ್ಕೂ ಸಿಗದಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಆ ತೊಡೆಯ ಮೇಲೆ ಹೊಳೆಯುತ್ತಿತ್ತು.

ಮುನ್ನೂರು ದಾಟಿದ ಮೇಲೆ ಹುಚ್ಚರಂಗಯ್ಯ ಒಂದು ಕಾಯಿಯನ್ನು ಅಲ್ಲಾಡಿಸಿದವನು ಮತ್ತೆ ಅಲ್ಲಾಡಿಸಿದ. ಅಂಕಮ್ಮನ ಕಿವಿಗೆ ಹಿಡಿದ. ಮುದುಕಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಔದು," ಎಂದಳು ಅಂಕಮ್ಮ.

"ಇದೇ," ಎಂದ ಹುಚ್ಚರಂಗಯ್ಯ.

ಅದೇ ಹೌದೋ ಅಲ್ಲವೋ ರಂಗಪ್ಪನಿಗೆ ತಿಳಿಯಲಿಲ್ಲ. ತಿಳಿಯುವ ಆಸೆಯನ್ನೂ ಅವನು ಪಡಲಿಲ್ಲ. ಯಾರೋ ಹರಳೆಣ್ಣೆ ತಂದರು, ಯಾರೋ ಒಲೆಯ ಮಸಿ ತಂದರು, ಮೀನಾಕ್ಷಮ್ಮ ಕುಂಕುಮದ ಭರಣಿಯನ್ನೇ ಬಗ್ಗಿಸಿದಳು. ಕಾಯಿ ಮತ್ತೆ ಗುಂಡಾಯಿತು.

"ಎತ್ಲಾ," ಎಂದ ಹುಚ್ಚರಂಗಯ್ಯ.

ರಂಗಪ್ಪ ಕಾಲು ಅಗಲಿಸಿ ನಿಂತ. ಬಗ್ಗಿದ. ಅಪ್ಪ ಕಲಿಸಿದಂತೆ ತಿಣುಕಿದ, ಕತ್ತಿನ ನರ ಉಬ್ಬಿಸಿದ, ಮಂಡಿ ನಡುಗಿಸಿದ. ನಡುಗಿಸುವುದಕ್ಕೆ ಈ ವರ್ಷ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಗುಂಡು ಎದೆಯ ಮಟ್ಟಕ್ಕೆ ಬಂದಾಗ ಲೊಡಕ್ ಎಂದಿತು. ಅವನು ಕೆಮ್ಮಿದ. ಓರೆಯಾಗಿದ್ದ ತಲೆಗಳೆಲ್ಲ ನೆಟ್ಟಗಾದವು.

"ಏನ್ ಭಾರ ಅಂತೀಯಾ," ಎಂದು ಹಿಂದಿನಿಂದ ಯಾರೋ ನಿಟ್ಟುಸಿರು ಬಿಟ್ಟರು.

ಕಬ್ಬಿಣದ ಗುಂಡನ್ನು ಊರಿನವರು ಒಂದೇ ಮಾತಿನಲ್ಲಿ ಲೆಕ್ಚರರಿಗೆ ಕೊಟ್ಟುಬಿಟ್ಟರು. ಇಂಥ ಉದಾರ ಜನರನ್ನು ತಾನು ನೋಡಿಯೇ ಇಲ್ಲವೆಂದು ಅವರು ಕಣ್ಣು ಒರೆಸಿಕೊಂಡರು. ಬಸ್ಸು ಹತ್ತುವ ಮುಂಚೆ ಪಾಷಾ ರಂಗಪ್ಪನನ್ನು ಪಕ್ಕಕ್ಕೆ ಎಳೆದ.

"ಅಮ್ಮಸಂದ್ರದ ರಸ್ತೆದು, ಅಲ್ವಾ? ನೂರ್ ಅಹಮದ್ ನನ್ನ ಭಾಮೈದ. ಹುಚ್ಚನೊಬ್ಬ ಬಂದು ಕಬ್ಬಿಣಾನ ಕಿವಿಗೆ ಹಿಡ್ಕಂಡು ಕೇಳ್ತಿದ್ದ ಅಂತ ಹೇಳ್ದ."

ರಂಗಪ್ಪ ಅವನ ಎರಡೂ ಕೈ ಹಿಡಿದುಕೊಂಡ.

"ನಾನು ಟೈಲರ್ ಕಣಪ್ಪ," ಎಂದ ಪಾಷಾ. "ಒಳಗಿನ ಹೊಲಿಗೆ ಹೊರಗೆ ತೋರ್ಸಲ್ಲ. ಅಂಗಿ ರೆಡಿ ಐತೆ. ಎದೆ ಸ್ವಲ್ಪ ಬಿಗಿಯಾಗ್ತದೆ, ಅಳತೆ ಕೊಡುವಾಗ ನೀನೇ ಕುಗ್ಗಿದ್ದೆ."

ಮುಂದಿನ ಬೇಸಿಗೆಗೆ ಟಪಾಲಿನಲ್ಲಿ ರಂಗಪ್ಪನಿಗೊಂದು ಪುಸ್ತಕ ಬಂತು. ತೋಂಟದಾರ್ಯರೇ ಬರೆದದ್ದು, ತೆಳ್ಳಗಿನದು. ನಡುವಿನ ಹಾಳೆಯಲ್ಲಿ ಕಾಲೇಜಿನ ಗಾಜಿನ ಪೆಟ್ಟಿಗೆಯೊಳಗೆ ಕೂತ ಗುಂಡಿನ ಫೋಟೋ, ಕೆಳಗೆ ಒಂಬತ್ತು ಪೌಂಡು ಎಂಬ ವಿವರ, ಅದರ ಕೆಳಗೆ ದಪ್ಪಕ್ಷರದಲ್ಲಿ ರಂಗಪ್ಪನ ಹೆಸರು. ಸಿಮೆಂಟಿನ ಕೆಲಸದವನೊಬ್ಬ ತನ್ನ ಮಗನನ್ನು ಕಾಲೇಜಿಗೆ ಸೇರಿಸಲು ಬಂದು ಆ ಪೆಟ್ಟಿಗೆಯ ಮುಂದೆ ನಿಂತರೆ ಏನು ಗತಿ ಎಂದುಕೊಂಡ ಅವನು.

"ಓದ್ರೀ, ಏನ್ ಬರ್ದವ್ರೆ ಕೇಳಾಣ," ಎಂದಳು ಮೀನಾಕ್ಷಮ್ಮ.

ರಂಗಪ್ಪ ಪುಸ್ತಕವನ್ನು ಮುಚ್ಚಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ಒಳಗೆ ಏನೂ ಸದ್ದಾಗಲಿಲ್ಲ.

"ಇನ್ನೂ ಒಣಗಿಲ್ಲ ಕಣೇ," ಎಂದು ಏಣಿ ಹತ್ತಿ ಅದನ್ನು ಅಟ್ಟಕ್ಕೆ ಹಾಕಿ ಇಳಿದು ಬಂದ.